ಕೆಡವಿದ ರೀತಿ ನೋಡಿ ಶಿಕ್ಷೆ ಕೊಡಿ: ಎಎಫ್‌ಎಲ್ ಆಯೋಗಕ್ಕೊಂದು ಬಹಿರಂಗ ಪತ್ರ

ಎಎಫ್‌ಎಲ್ (ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್) ಆಯೋಗದ ಮಾನ್ಯ ಸದಸ್ಯರಿಗೆ,

ನಮಸ್ಕಾರ.

ನಾನು ಮೆಲ್ಬರ್ನ್‌ನ ಪಶ್ಚಿಮ ಭಾಗದಲ್ಲಿ ಇರುವ ಕನ್ನಡತಿ. ವೆಸ್ಟರ್ನ್ ಬುಲ್‌ಡಾಗ್ಸ್ ತಂಡದ ಅಭಿಮಾನಿ. ನನ್ನ ಮಗ ಇಲ್ಲೇ ಹತ್ತಿರದ ಕ್ಲಬ್ಬಿನಲ್ಲಿ ಜೂನಿಯರ್ ಫೂಟಿ, ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಆಡುತ್ತಾನೆ. ಇದನ್ನೇ ಇಂಗ್ಲಿಷಿನಲ್ಲೂ ಬರೆದು ನಿಮ್ಮ ಕಚೇರಿಗೆ ಕಳಿಸುತ್ತಿದ್ದೇನೆ. ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆ ಅಂದರೆ, ಟಾರ್ನೀಟ್, ಪಾಯಿಂಟ್ ಕುಕ್ ಕಡೆ ನಮ್ಮವರ ಎಷ್ಟೋ ಮಕ್ಕಳು ಈಗ ಬೇಸಿಗೆಯಲ್ಲಿ ಕ್ರಿಕೆಟ್, ಚಳಿಗಾಲದಲ್ಲಿ ಫೂಟಿ ಅಂತ ಎರಡೂ ಆಡುತ್ತಿದ್ದಾರೆ. ಅಪ್ಪ ಅಮ್ಮಂದಿರು ಗ್ರೌಂಡಿನ ಅಂಚಿನಲ್ಲಿ ನಿಂತು ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ ಒಂದೇ: "ತಲೆಗೆ ಪೆಟ್ಟಾಗಲ್ವಾ?" ಆ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ನಿಮ್ಮ ಶಿಕ್ಷೆಯ ಪಟ್ಟಿ ಹೇಗಿದೆ ಅನ್ನೋದು ಅವರಿಗೂ ಗೊತ್ತಾಗಬೇಕು.

ಸೀಸನ್ ಶುರುವಾದರೆ ಸಾಕು, ವಾರದ ಪಂದ್ಯಗಳು ಮುಗಿಯುತ್ತಿದ್ದ ಹಾಗೇ ಯಾವ ಆಟಗಾರನಿಗೆ ಎಷ್ಟು ಶಿಕ್ಷೆ ಅನ್ನೋ ಮ್ಯಾಚ್ ರಿವ್ಯೂ ಅಧಿಕಾರಿಯ ತೀರ್ಮಾನ ಬರುತ್ತದೆ. ಕ್ಲಬ್ಬಿಗೆ ಒಪ್ಪಿಗೆ ಆಗದಿದ್ದರೆ ಟ್ರಿಬ್ಯೂನಲ್. ಅಲ್ಲೂ ಆಗದಿದ್ದರೆ ಅಪೀಲು ಮಂಡಳಿ. ಆಫೀಸಿನ ಕಾಫಿ ಮೆಷಿನ್ ಹತ್ತಿರ, ರೈಲಿನಲ್ಲಿ, ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲಿ ಅದೇ ಮಾತು. ಒಬ್ಬರು "ಆಟವನ್ನೇ ಸಾಯಿಸಿಬಿಟ್ಟರು" ಅಂತಾರೆ. ಇನ್ನೊಬ್ಬರು "ಇಷ್ಟು ಕಡಿಮೆ ಶಿಕ್ಷೆನಾ?" ಅಂತಾರೆ. ಇಬ್ಬರೂ ಮಾತಾಡುತ್ತಿರುವುದು ಒಂದೇ ಟ್ಯಾಕಲ್ ಬಗ್ಗೆ, ಅಂದರೆ ಚೆಂಡು ಹಿಡಿದವನನ್ನು ಎದುರಾಳಿ ಹಿಡಿದು ಕೆಡವಿದ್ದರ ಬಗ್ಗೆ. ಅಭಿಮಾನಿಗಳು ತಮ್ಮ ತಮ್ಮ ತಂಡದ ಪರ ಮಾತಾಡುವುದು ಸಹಜ, ಅದರಲ್ಲಿ ತಪ್ಪಿಲ್ಲ. ಆದರೆ ಈ ಗೊಂದಲಕ್ಕೆಲ್ಲ ಅಭಿಮಾನಿಗಳ ಪಕ್ಷಪಾತವೇ ಕಾರಣ ಅಲ್ಲ. ಗೊಂದಲ ನಿಮ್ಮ ಪಟ್ಟಿಯಲ್ಲೇ ಇದೆ.

ಆ ಪಟ್ಟಿ ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಆಟಗಾರನ ತಪ್ಪನ್ನು ಮೂರು ಕಡೆಯಿಂದ ಅಳೆಯುತ್ತಾರೆ. ಬೇಕಂತಲೇ ಮಾಡಿದ್ದಾ, ಅಜಾಗರೂಕತೆಯಿಂದ ಆಗಿದ್ದಾ ಅನ್ನೋದು ಒಂದು. ಪೆಟ್ಟು ಎಲ್ಲಿಗೆ ಬಿತ್ತು, ತಲೆಗಾ ಮೈಗಾ ಅನ್ನೋದು ಎರಡನೆಯದು. ಪೆಟ್ಟಿನ ತೀವ್ರತೆ ಎಷ್ಟು ಅನ್ನೋದು ಮೂರನೆಯದು. ಟ್ಯಾಕಲ್ ಕೇಸುಗಳಲ್ಲಿ ಸಾಮಾನ್ಯವಾಗಿ ಮೊದಲ ಎರಡಕ್ಕೆ ಉತ್ತರ ಒಂದೇ: ಅಜಾಗರೂಕತೆ, ತಲೆ. ಹಾಗಾಗಿ ಎಲ್ಲ ನಿಂತಿರುವುದು ಮೂರನೆಯದರ ಮೇಲೆ. ತೀವ್ರತೆ ಮಧ್ಯಮ ಅಂದರೆ 1 ಪಂದ್ಯದ ಅಮಾನತು, ಹೆಚ್ಚು ಅಂದರೆ 2, ಅತಿ ಹೆಚ್ಚು ಅಂದರೆ ಕನಿಷ್ಠ 3. ಈ ಲೆಕ್ಕದಲ್ಲೇ ವರ್ಷಗಟ್ಟಲೆ ಅಭಿಮಾನಿಗಳು ಕಿತ್ತಾಡಿದ್ದೇವೆ. ತೀವ್ರತೆಯನ್ನು ಅಳೆಯುವಾಗ ಎಲ್ಲರ ಕಣ್ಣು ಮೊದಲು ಹೋಗುವುದು ಕೆಳಗೆ ಬಿದ್ದವನಿಗೆ ಏನಾಯಿತು ಅನ್ನೋದರ ಕಡೆಗೆ.

ನನ್ನ ತಕರಾರು ಅಲ್ಲೇ ಇದೆ.

ಇಬ್ಬರು ಆಟಗಾರರು ಒಂದೇ ಥರ ಟ್ಯಾಕಲ್ ಮಾಡಿದರು ಅಂತಿಟ್ಟುಕೊಳ್ಳಿ. ಎರಡೂ ಕೈ ಕಟ್ಟಿ, ಗಿರ್ರನೆ ತಿರುಗಿಸಿ, ನೆಲಕ್ಕೆ ಅಪ್ಪಳಿಸಿದರು. ಒಬ್ಬನ ಎದುರಾಳಿಯ ಭುಜ ಮೊದಲು ನೆಲ ಮುಟ್ಟಿತು. ತಲೆಗೆ ಬಂದದ್ದು ತಲೆಪಾಗಿಗೆ ಹೋಯಿತು. ಅವನು ಎದ್ದು ಫ್ರೀ ಕಿಕ್ ತೆಗೆದುಕೊಂಡು ಹೋದ. ಇನ್ನೊಬ್ಬನ ಎದುರಾಳಿಯ ತಲೆ ಒಂದು ಗೇಣು ಆ ಕಡೆ ವಾಲಿತ್ತು. ಅವನನ್ನು ಸ್ಟ್ರೆಚರ್ ಮೇಲೆ ಹೊತ್ತುಕೊಂಡು ಹೋದರು. ಮೊದಲನೆಯವನು ಮುಂದಿನ ಶನಿವಾರ ಆಡುತ್ತಾನೆ. ಎರಡನೆಯವನು ಮೂರು ವಾರ ಮನೆಯಲ್ಲಿ ಕೂರುತ್ತಾನೆ. ಇಬ್ಬರೂ ಮಾಡಿದ್ದು ಒಂದೇ. ಬೇರೆ ಆಗಿದ್ದು ಅದೃಷ್ಟ ಮಾತ್ರ.

ಇದು ಬರೀ ಕಲ್ಪನೆಯ ಮಾತಲ್ಲ. 2017ರ ಸೀಸನ್ನಿನ ಕೊನೆಯ ಭಾಗ ನೆನಪಿಸಿಕೊಳ್ಳಿ. ಜೀಲಾಂಗ್‌ನ ಪ್ಯಾಟ್ರಿಕ್ ಡೇಂಜರ್‌ಫೀಲ್ಡ್ ಕಾರ್ಲ್‌ಟನ್‌ನ ಮ್ಯಾಥ್ಯೂ ಕ್ರೂಜರ್ ಅವರನ್ನು ಕೈ ಕಟ್ಟಿ ಕೆಡವಿದರು. 1 ಪಂದ್ಯದ ಅಮಾನತು. ಮುಂದಿನ ವಾರವೇ ಕಾಲಿಂಗ್‌ವುಡ್‌ನ ಬ್ರೋಡಿ ಗ್ರಂಡಿ ನಾರ್ತ್ ಮೆಲ್ಬರ್ನ್‌ನ ಬೆನ್ ಬ್ರೌನ್ ಅವರನ್ನು ಹಾಗೇ ಕೈ ಕಟ್ಟಿ ಕೆಡವಿದರು. ಬ್ರೌನ್ ಪ್ರಜ್ಞೆ ತಪ್ಪಿ ಮಲಗಿದರು. ಗ್ರಂಡಿಗೆ 2 ಪಂದ್ಯ. ಡೇಂಜರ್‌ಫೀಲ್ಡ್‌ಗೆ ಆ ಒಂದೇ ಪಂದ್ಯದ ಅಮಾನತಿನಿಂದ, ವರ್ಷದ ಅತ್ಯುತ್ತಮ ಆಟಗಾರನಿಗೆ ಅಂಪೈರ್‌ಗಳ ಮತದಿಂದ ಕೊಡುವ ಬ್ರೌನ್‌ಲೋ ಪದಕದ ಅರ್ಹತೆಯೂ ಹೋಯಿತು. ಅವರಿಗೆ 33 ಮತ ಬಿತ್ತು, 36 ಮತ ಪಡೆದ ಡಸ್ಟಿನ್ ಮಾರ್ಟಿನ್ ಗೆದ್ದರು, ಹಾಗಾಗಿ ದೊಡ್ಡ ಗಲಾಟೆ ತಪ್ಪಿತು. ನಮ್ಮ ಬುಲ್‌ಡಾಗ್ಸ್‌ನ ಹಳೆಯ ಅಭಿಮಾನಿಗಳು 1997ರ ಕ್ರಿಸ್ ಗ್ರಾಂಟ್ ಹೆಸರನ್ನು ಇವತ್ತಿಗೂ ನೋವಿನಿಂದಲೇ ಹೇಳುತ್ತಾರೆ. ಎಲ್ಲರಿಗಿಂತ ಜಾಸ್ತಿ ಮತ ಬಂದರೂ ಒಂದು ಅಮಾನತಿನಿಂದಾಗಿ ಪದಕ ಕೈತಪ್ಪಿತು. ಆದರೆ ಬ್ರೌನ್‌ಲೋ ವಿಷಯವನ್ನು ಇದರ ಜೊತೆ ಸೇರಿಸಬೇಡಿ ಅಂತ ನಾನು ಕೇಳಿಕೊಳ್ಳುತ್ತೇನೆ. ಪದಕದ ನಿಯಮ ಸರಿಯೋ ತಪ್ಪೋ, ಅದನ್ನು ಬೇರೆ ದಿನ ಚರ್ಚಿಸೋಣ. ಪದಕ ಹೋಗುತ್ತದಲ್ಲ ಅನ್ನೋ ಕಾರಣಕ್ಕೆ ತಲೆಯ ಪೆಟ್ಟಿನ ತೀರ್ಪು ಸಡಿಲ ಆಗಬಾರದು.

ಇನ್ನು 2024ರ ಕಥೆ. ಏಪ್ರಿಲ್‌ನಲ್ಲಿ ಬ್ರಿಸ್ಬೇನ್‌ನ ಚಾರ್ಲಿ ಕ್ಯಾಮರಾನ್ ಮೆಲ್ಬರ್ನ್ ತಂಡದ ಜೇಕ್ ಲೀವರ್ ಅವರನ್ನು ಟ್ಯಾಕಲ್ ಮಾಡಿದ್ದಕ್ಕೆ 1 ಪಂದ್ಯದ ಶಿಕ್ಷೆ ಬಂತು. ಟ್ರಿಬ್ಯೂನಲ್ ಅದನ್ನು ತೆಗೆದುಹಾಕಿತು. ಅವರ ಹಿಂದಿನ ದಾಖಲೆ ತುಂಬಾ ಚೆನ್ನಾಗಿದೆ, ಇದು ವಿಶೇಷ ಸಂದರ್ಭ ಅನ್ನೋದು ಕಾರಣ. ಕ್ಯಾಮರಾನ್ ಒಳ್ಳೆಯ ಆಟಗಾರ ಅನ್ನೋದರಲ್ಲಿ ನನಗೂ ಅನುಮಾನ ಇಲ್ಲ, ಅವರ ಆಟ ನೋಡೋದೇ ಒಂದು ಖುಷಿ. ಆದರೆ ನೆಲಕ್ಕೆ ಬಡಿಯುವ ತಲೆಗೆ, ಕೆಡವಿದವನ ಹಿಂದಿನ ಹತ್ತು ವರ್ಷದ ದಾಖಲೆಯಿಂದ ಏನು ಪ್ರಯೋಜನ?

ಜುಲೈನಲ್ಲಿ ಏನಾಯಿತು ನೋಡಿ. ಒಂದೇ ವಾರಾಂತ್ಯದಲ್ಲಿ ಎರಡು ಟ್ಯಾಕಲ್. ಅದೇ ಕ್ಯಾಮರಾನ್ ವೆಸ್ಟ್ ಕೋಸ್ಟ್‌ನ ಲಿಯಾಮ್ ಡಗ್ಗನ್ ಅವರನ್ನು ಕೆಡವಿದರು. ಜಿಡಬ್ಲ್ಯೂಎಸ್ (ಗ್ರೇಟರ್ ವೆಸ್ಟರ್ನ್ ಸಿಡ್ನಿ) ತಂಡದ ಟೋಬಿ ಬೆಡ್‌ಫರ್ಡ್ ರಿಚ್‌ಮಂಡ್‌ನ ಟಿಮ್ ಟರಾಂಟೊ ಅವರನ್ನು ಕೆಡವಿದರು. ಕೆಳಗೆ ಬಿದ್ದ ಇಬ್ಬರಿಗೂ ಕನ್ಕಷನ್, ಅಂದರೆ ತಲೆಯ ಪೆಟ್ಟಿನಿಂದ ಮಿದುಳಿಗೆ ಆಘಾತ. ಕೆಡವಿದ ಇಬ್ಬರಿಗೂ 3 ಪಂದ್ಯ. ಟ್ರಿಬ್ಯೂನಲ್ ಅದನ್ನೇ ಎತ್ತಿಹಿಡಿಯಿತು. ಕೆಲವೇ ದಿನದಲ್ಲಿ ಅಪೀಲು ಮಂಡಳಿ ಎರಡೂ ಶಿಕ್ಷೆಯನ್ನು ಪೂರ್ತಿ ರದ್ದು ಮಾಡಿತು. ಮೂರರಿಂದ ಎರಡಕ್ಕೆ ಇಳಿಸಲಿಲ್ಲ, ಸೀದಾ ಸೊನ್ನೆ ಮಾಡಿತು. ಒಂದೇ ವಿಡಿಯೊ, ಒಂದೇ ನಿಯಮ, ಒಂದೇ ವಾರ. ಕೆಳಗಿನ ಮೇಜಿನಲ್ಲಿ ದೊಡ್ಡ ತಪ್ಪು ಅನ್ನಿಸಿದ್ದು ಮೇಲಿನ ಮೇಜಿನಲ್ಲಿ ತಪ್ಪೇ ಅಲ್ಲ ಅಂತ ಆಯಿತು. ಆ ವಾರ ಆಟಗಾರರಿಗೆ, ಕೋಚ್‌ಗಳಿಗೆ, ಮಕ್ಕಳಿಗೆ ಏನು ಅರ್ಥ ಆಗಿರಬೇಕು ನೀವೇ ಹೇಳಿ.

ನಿಮ್ಮ ನಿಯಮದಲ್ಲಿ ಒಳ್ಳೆಯ ಮಾತುಗಳೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅಪಾಯಕಾರಿ ಟ್ಯಾಕಲ್ ಅಂದರೆ ಯಾವುದು ಅನ್ನೋದಕ್ಕೆ ಮಾರ್ಗಸೂಚಿಯಲ್ಲಿ ಚೆನ್ನಾಗೇ ಬರೆದಿದ್ದೀರಿ. ಒಂದೇ ಚಲನೆಯಲ್ಲಿ ಮುಗಿಯಿತಾ, ಅಥವಾ ಹಿಡಿದ ಮೇಲೆ ಎತ್ತುವುದು, ತಿರುಗಿಸುವುದು ಅಂತ ಎರಡನೇ ಚಲನೆ ಇತ್ತಾ? ಎದುರಾಳಿಯ ಕೈಗಳು ಕಟ್ಟಿಹೋಗಿದ್ದವಾ, ಬೀಳುವಾಗ ತನ್ನನ್ನು ಕಾಪಾಡಿಕೊಳ್ಳಲು ದಾರಿ ಇತ್ತಾ? ಜಾಸ್ತಿ ಬಲ ಹಾಕಿ ನೆಲಕ್ಕೆ ಎಸೆದರಾ? ಪೆಟ್ಟಾಗದಿದ್ದರೂ, ಪೆಟ್ಟಾಗುವ ಸಾಧ್ಯತೆ ನೋಡಿ ತೀವ್ರತೆಯನ್ನು ಏರಿಸುವ ಅಧಿಕಾರವನ್ನೂ ಇಟ್ಟಿದ್ದೀರಿ. ಇವೆಲ್ಲ ಸರಿಯಾದ ಪ್ರಶ್ನೆಗಳು. ನನ್ನ ಬೇಡಿಕೆ ಏನಂದರೆ, ಶಿಕ್ಷೆಯ ಅಳತೆ ಈ ಪ್ರಶ್ನೆಗಳಿಂದಲೇ ಶುರುವಾಗಲಿ. ಡಾಕ್ಟರ್ ವರದಿಯಿಂದ ಬೇಡ. ಎರಡು ಕೈ ಕಟ್ಟಿ ತಿರುಗಿಸಿ ಎಸೆದರೆ ಇಷ್ಟು ಪಂದ್ಯ, ಕೆಳಗೆ ಬಿದ್ದವನು ನಗುತ್ತಾ ಎದ್ದರೂ ಅಷ್ಟೇ. ಒಂದೇ ಚಲನೆಯಲ್ಲಿ ನ್ಯಾಯವಾಗಿ ಹಿಡಿದು, ಜೊತೆಯಲ್ಲೇ ಬಿದ್ದು, ಆದರೂ ದುರದೃಷ್ಟಕ್ಕೆ ತಲೆ ತಗುಲಿದರೆ, ಅವನನ್ನು ಅಪರಾಧಿ ಮಾಡಬೇಡಿ.

"ಪೆಟ್ಟಾದವನ ಗತಿ ಏನು?" ಅಂತ ಕೇಳುವವರಿದ್ದಾರೆ. ಅವರ ಮಾತಲ್ಲಿ ನಿಜ ಇದೆ, ನಾನು ತಳ್ಳಿಹಾಕುವುದಿಲ್ಲ. ಕನ್ಕಷನ್ ಆದ ಎಎಫ್‌ಎಲ್ ಆಟಗಾರ ಕನಿಷ್ಠ 12 ದಿನ ಆಚೆ ಇರಬೇಕು ಅಂತ 2021ರಿಂದ ನಿಯಮ ಇದೆ. ಕೆಡವಿದವನು ಆಡುತ್ತಾ, ಬಿದ್ದವನು ಕತ್ತಲೆ ಕೋಣೆಯಲ್ಲಿ ಮಲಗಿದ್ದರೆ ನೋಡುವವರಿಗೆ ಹೊಟ್ಟೆ ಉರಿಯುತ್ತದೆ. "ಅವನು ಎಷ್ಟು ವಾರ ಆಚೆ ಇರ್ತಾನೋ ಇವನೂ ಅಷ್ಟೇ ವಾರ ಆಚೆ ಇರಲಿ" ಅನ್ನೋ ಮಾತನ್ನು ಗ್ರೌಂಡಿನಲ್ಲಿ ಎಷ್ಟು ಸಲ ಕೇಳಿದ್ದೇನೋ. ಕೇಳಲು ಚೆನ್ನಾಗಿದೆ. ಆದರೆ ಹಾಗೆ ಮಾಡಿದರೆ ನಾವು ಕಲಿಸುವುದು ಏನು? ಎದುರಾಳಿ ಎದ್ದರೆ ಸಾಕು, ಏನು ಬೇಕಾದರೂ ಮಾಡಬಹುದು ಅಂತ. ಅಪಾಯಕಾರಿ ಟ್ಯಾಕಲ್‌ಗಳಲ್ಲಿ ಜಾಸ್ತಿ ಭಾಗ ಗಾಯ ಇಲ್ಲದೇ ಮುಗಿದುಹೋಗುತ್ತವೆ. ಅವನ್ನು ಬಿಟ್ಟುಬಿಟ್ಟರೆ ಆಟಗಾರನ ಅಭ್ಯಾಸ ಬದಲಾಗುವುದಿಲ್ಲ. ಅಭ್ಯಾಸ ಬದಲಾಗದಿದ್ದರೆ ಇವತ್ತಲ್ಲ ನಾಳೆ ಒಂದು ತಲೆ ನೆಲಕ್ಕೆ ಬಡಿದೇ ಬಡಿಯುತ್ತದೆ.

ಆ ಅಭ್ಯಾಸ ಎಲ್ಲಿಂದ ಬಂತು ಅಂತಲೂ ನೋಡಬೇಕಲ್ವಾ. ಇದು ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯ, ಚರ್ಚೆಗಳಲ್ಲಿ ಇದರ ಮಾತೇ ಬರುವುದಿಲ್ಲ.

ಚೆಂಡು ಹಿಡಿದವನನ್ನು ನ್ಯಾಯವಾಗಿ ಟ್ಯಾಕಲ್ ಮಾಡಿದಾಗ, ಅವನಿಗೆ ಚೆಂಡನ್ನು ಬಿಡಲು ಮೊದಲೇ ಅವಕಾಶ ಇದ್ದೂ ಸರಿಯಾಗಿ ಬಿಡದಿದ್ದರೆ, ಟ್ಯಾಕಲ್ ಮಾಡಿದವನಿಗೆ ಫ್ರೀ ಕಿಕ್. ಇಡೀ ಗ್ಯಾಲರಿ "ಬಾಲ್!" ಅಂತ ಕೂಗುವುದು ಆಗಲೇ. ಈಗ ಹಿಡಿಯುವವನ ಜಾಗದಲ್ಲಿ ನಿಂತು ಯೋಚಿಸಿ. ಎದುರಾಳಿಯ ಒಂದು ಕೈ ಬಿಡುವಾಗಿದ್ದರೂ ಅವನು ಚೆಂಡನ್ನು ಪಕ್ಕದವನಿಗೆ ದಾಟಿಸಿಬಿಡುತ್ತಾನೆ. ಫ್ರೀ ಕಿಕ್ ಹೋಯಿತು. ಆದ್ದರಿಂದ ಎರಡೂ ಕೈಗಳನ್ನು ಪಕ್ಕೆಗೆ ಒತ್ತಿ ಕಟ್ಟಬೇಕು. ಕಟ್ಟಿದ ಮೇಲೂ ಅಂಪೈರ್ ಸೀಟಿ ಊದಲಿಲ್ಲ. ಅವನಿನ್ನೂ ನಿಂತೇ ಇದ್ದಾನೆ, ಕಾಲಿನಿಂದ ಒದ್ದುಬಿಡಬಹುದು. ಹಾಗಾದರೆ ಕೆಡವಬೇಕು. ಅವನು ಬೀಳದೆ ತಡೆದುಕೊಳ್ಳುತ್ತಾನೆ. ಹಾಗಾದರೆ ತಿರುಗಿಸಬೇಕು. ಇಷ್ಟೂ ಆಗುವುದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ. ಕೈ ಕಟ್ಟಿದವನಿಗೆ ನೆಲಕ್ಕೆ ಊರಲು ಕೈ ಇಲ್ಲ. ಮುಖವೋ ಕಿವಿಯ ಪಕ್ಕವೋ ಮೊದಲು ನೆಲ ಮುಟ್ಟುತ್ತದೆ.

ಅಂದರೆ ಫ್ರೀ ಕಿಕ್ ಆಸೆ ತೋರಿಸಿ ಕೈ ಕಟ್ಟಲು ಕಲಿಸಿದ್ದು ಈ ಆಟದ ನಿಯಮವೇ. ಆಮೇಲೆ ಕೈ ಕಟ್ಟಿದ್ದಕ್ಕೆ ಶಿಕ್ಷೆ ಕೊಡುವುದೂ ಇದೇ ಆಟದ ನಿಯಮ. 2024ರ ಸೀಸನ್ ಮಧ್ಯದಲ್ಲಿ ಚೆಂಡು ಹಿಡಿದವನಿಗೆ ಕೊಡುವ ಸಮಯವನ್ನು ಕಡಿಮೆ ಮಾಡಿ ಅಂತ ಅಂಪೈರ್‌ಗಳಿಗೆ ಹೇಳಿದಿರಿ. ಒಳ್ಳೆಯ ಕೆಲಸ. ಅದನ್ನು ಇನ್ನೂ ಮುಂದಕ್ಕೆ ತೆಗೆದುಕೊಂಡು ಹೋಗಿ. ಎರಡೂ ಕೈ ಕಟ್ಟಿಹೋದ ಕ್ಷಣವೇ ಸೀಟಿ ಬೀಳಲಿ. ಫ್ರೀ ಕಿಕ್ ಆದರೆ ಫ್ರೀ ಕಿಕ್, ಇಲ್ಲವಾದರೆ ಚೆಂಡು ಮೇಲಕ್ಕೆ ಹಾರಿಸಿ ಆಟ ಮತ್ತೆ ಶುರು ಮಾಡಿ. ಆಟ ನಿಧಾನ ಆಗುತ್ತದೆ ಅನ್ನುತ್ತೀರಾ? ಸ್ವಲ್ಪ ಆಗಬಹುದು. ಆಗಲಿ ಬಿಡಿ. ಸೀಟಿ ಬೇಗ ಬೀಳುತ್ತದೆ ಅಂತ ಗೊತ್ತಿದ್ದರೆ ಯಾರೂ ಸುಮ್ಮನೆ ತಿರುಗಿಸಿ ಎಸೆಯುವುದಿಲ್ಲ.

ನಮ್ಮ ಕಬಡ್ಡಿ ನೋಡಿ ಬೆಳೆದವರಿಗೆ ಇದು ಹೊಸ ವಿಷಯ ಅಲ್ಲ. ಅಲ್ಲೂ ಆರೇಳು ಜನ ಸೇರಿ ಒಬ್ಬನನ್ನು ಕೆಡವುತ್ತಾರೆ. ಆದರೆ ರೇಡರ್ ಉಸಿರು ಕಟ್ಟಿಸಿದರೆ, ಪೆಟ್ಟಾಗುವ ಹಾಗೆ ಒರಟಾಗಿ ಹಿಡಿದರೆ ಅಂಪೈರ್ ಅಲ್ಲೇ ಕಾರ್ಡ್ ತೋರಿಸುತ್ತಾರೆ. ಹಸಿರು, ಹಳದಿ, ಕೆಂಪು. ಹಳದಿ ಬಂದರೆ ಎರಡು ನಿಮಿಷ ಆಚೆ. ಎಎಫ್‌ಎಲ್‌ನಲ್ಲಿ ಆಟಗಾರನನ್ನು ಗ್ರೌಂಡಿನಿಂದ ಹೊರಗೆ ಕಳಿಸುವ ನಿಯಮ ಇಲ್ಲ. ಇವತ್ತಿನ ತಪ್ಪಿಗೆ ಮುಂದಿನ ವಾರದ ಎದುರಾಳಿಗೆ ಲಾಭ. ಕಾರ್ಡ್ ತನ್ನಿ ಅಂತ ನಾನು ಹಟ ಹಿಡಿಯುವುದಿಲ್ಲ. ತಪ್ಪು ಯಾವುದು ಅನ್ನೋದು ಆಟ ನಡೆಯುವಾಗಲೇ, ಗಾಯದ ಸುದ್ದಿ ಬರುವ ಮೊದಲೇ, ಗೊತ್ತಾಗುವಂತಿರಬೇಕು ಅನ್ನೋದಷ್ಟೇ ನನ್ನ ಮಾತು.

ಇನ್ನು "ಆಟ ಮೆತ್ತಗಾಯಿತು, ಆಗಿನ ಕಾಲದವರು ಗಟ್ಟಿಗರು" ಅನ್ನುವ ನನ್ನ ಸಹ ಅಭಿಮಾನಿಗಳಿಗೆ ಎರಡು ಮಾತು. ಆ ಗಟ್ಟಿಗರಿಗೆ ಆಮೇಲೆ ಏನಾಯಿತು ಅಂತ ನಮಗೆ ಈಗ ಗೊತ್ತಿದೆ. ಪಾಲಿ ಫಾರ್ಮರ್ ಈ ಆಟ ಕಂಡ ದೊಡ್ಡ ಆಟಗಾರರಲ್ಲಿ ಒಬ್ಬರು. ಅವರು 2019ರಲ್ಲಿ ತೀರಿಕೊಂಡರು. ತಲೆಗೆ ಪದೇ ಪದೇ ಪೆಟ್ಟು ಬಿದ್ದವರಲ್ಲಿ ಕಾಣುವ ಸಿಟಿಇ ಅನ್ನೋ ಮಿದುಳಿನ ಕಾಯಿಲೆ ಅವರಿಗಿತ್ತು ಅಂತ ಮರುವರ್ಷ ಗೊತ್ತಾಯಿತು. ಅದೇ 2019ರಲ್ಲಿ ತೀರಿಕೊಂಡ ಸೇಂಟ್ ಕಿಲ್ಡಾ ಕ್ಯಾಪ್ಟನ್ ಆಗಿದ್ದ ಡ್ಯಾನಿ ಫ್ರಾಲಿಗೂ ಇತ್ತು. ರಿಚ್‌ಮಂಡ್‌ನ ಶೇನ್ ಟಕ್ 2020ರಲ್ಲಿ, 38ನೇ ವಯಸ್ಸಿಗೆ ತೀರಿಕೊಂಡರು. ಅವರದು ತೀವ್ರ ಸಿಟಿಇ. ಅಡಿಲೇಡ್ ಮಹಿಳಾ ತಂಡದಲ್ಲಿ ಆಡಿದ್ದ ಹೀದರ್ ಆಂಡರ್ಸನ್‌ಗೂ ಸಿಟಿಇ ಇತ್ತು, ತೀರಿಕೊಂಡಾಗ ಅವರಿಗೆ ಬರೀ 28 ವರ್ಷ. ನಮ್ಮ ಬುಲ್‌ಡಾಗ್ಸ್ 2023ರ ಡ್ರಾಫ್ಟ್‌ನಲ್ಲಿ ಆರಿಸಿಕೊಂಡ ಏಡನ್ ಓಡ್ರಿಸ್ಕಾಲ್ ಎಂಬ ಹುಡುಗ ತರಬೇತಿಯಲ್ಲಿ ತಲೆಗೆ ಪೆಟ್ಟು ಬಿದ್ದು, ಒಂದೂ ಎಎಫ್‌ಎಲ್ ಪಂದ್ಯ ಆಡದೆ 2024ರಲ್ಲಿ ಆಟ ಬಿಡಬೇಕಾಯಿತು. ಇವರಿಗೆಲ್ಲ ಪೆಟ್ಟಾಗಿದ್ದು ಟ್ಯಾಕಲ್‌ನಿಂದಲೇ ಅಂತ ನಾನು ಹೇಳುತ್ತಿಲ್ಲ. ಆದರೆ ತಲೆಯ ಮಾತು ಬಂದಾಗ ಗಟ್ಟಿತನ, ಮೆತ್ತಗೆ ಅನ್ನೋ ಮಾತೇ ಬೇಡ. ಬೇಸರ ಆಗುತ್ತದೆ.

ಗ್ಯಾಲರಿಯಲ್ಲಿ ನಾವು ನಡೆದುಕೊಳ್ಳುವ ರೀತಿಯೂ ಬದಲಾಗಬೇಕು. 2023ರ ಫೈನಲ್ಸ್‌ನಲ್ಲಿ ಕಾಲಿಂಗ್‌ವುಡ್‌ನ ಬ್ರೇಡನ್ ಮೇನಾರ್ಡ್ ಚೆಂಡನ್ನು ತಡೆಯಲು ಹಾರಿ ಮೆಲ್ಬರ್ನ್‌ನ ಆಂಗಸ್ ಬ್ರೇಶಾ ತಲೆಗೆ ಬಡಿದರು. ಅದು ಟ್ಯಾಕಲ್ ಅಲ್ಲ, ಆದರೂ ಇಲ್ಲಿ ಹೇಳಲೇಬೇಕು. ಟ್ರಿಬ್ಯೂನಲ್ ಮೇನಾರ್ಡ್‌ರನ್ನು ಬಿಟ್ಟಿತು. ಅವರ ತಂಡ ಆ ವರ್ಷ ಕಪ್ ಗೆದ್ದಿತು. ಬ್ರೇಶಾ ಮುಂದಿನ ಫೆಬ್ರವರಿಯಲ್ಲಿ ವೈದ್ಯರ ಸಲಹೆಯಂತೆ ನಿವೃತ್ತರಾದರು. ಆ ಘಟನೆಯ ನಂತರ ನೀವು ನಿಯಮ ಬದಲಿಸಿದಿರಿ. ಆ ಹೊತ್ತಿಗೆ ಅರ್ಧ ಊರು ಮೇನಾರ್ಡ್ ಹೆಸರು ಹಿಡಿದು ಬಯ್ಯುತ್ತಿತ್ತು, ಇನ್ನರ್ಧ ಊರು ಬ್ರೇಶಾ ಪರ ಮಾತಾಡಿದವರನ್ನು ಬಯ್ಯುತ್ತಿತ್ತು. ಬ್ರೇಶಾಗೆ ಮೊದಲೂ ಕನ್ಕಷನ್‌ಗಳಾಗಿದ್ದವು ಅನ್ನೋದನ್ನು ವಾದಕ್ಕೆ ಬಳಸಿದವರೂ ಇದ್ದರು. ಯಾರ ಕಡೆಯವರೇ ಆಗಲಿ, ಅದು ಸರಿಯಲ್ಲ. ತಪ್ಪಿದ್ದರೆ ನಿಯಮದ ಮೇಲೆ ಸಿಟ್ಟು ಮಾಡಿ, ಆಟಗಾರರ ಮೇಲೆ ಬೇಡ.

ನನಗೆ ಭರವಸೆ ಕಾಣುವುದು ಎಲ್ಲಿ ಅಂದರೆ ಮಕ್ಕಳ ತರಬೇತಿಯಲ್ಲಿ. ಆಸ್‌ಕಿಕ್ ಆಡುವ ಪುಟ್ಟ ಮಕ್ಕಳಿಗೆ ಟ್ಯಾಕಲ್ ಇಲ್ಲ, ದೊಡ್ಡವರಾದಂತೆ ಹಂತ ಹಂತವಾಗಿ ಕಲಿಸುತ್ತಾರೆ. ಮಗನ ಕೋಚ್ ಅದನ್ನು ಹೇಗೆ ಹೇಳಿಕೊಟ್ಟರು ಅನ್ನೋದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿ ಕೂತರು. ಒಬ್ಬ ಹುಡುಗನನ್ನು ಕರೆದು ಅವನ ಸೊಂಟದ ಪಕ್ಕಕ್ಕೆ ತಮ್ಮ ಭುಜ ಒತ್ತಿದರು. "ನಿನ್ನ ತಲೆ ಅವನ ಬೆನ್ನಿನ ಕಡೆ ಇರಲಿ" ಅಂದರು. ಅವನ ಒಂದು ತೋಳನ್ನು ಹಿಡಿದರು, ಇನ್ನೊಂದನ್ನು ಬಿಟ್ಟರು. ನಿಧಾನವಾಗಿ ಪಕ್ಕಕ್ಕೆ ಉರುಳಿ ಮೊದಲು ತಾವೇ ನೆಲಕ್ಕೆ ಬಿದ್ದರು. ಹುಡುಗ ಅವರ ಮೇಲೆ ಬಿದ್ದ, ನೆಲಕ್ಕಲ್ಲ. "ನೀನು ಕೆಳಗೆ, ಅವನು ಮೇಲೆ" ಅಂತ ಎಲ್ಲರ ಹತ್ತಿರವೂ ಹೇಳಿಸಿದರು. ಆಮೇಲೆ ಜೋಡಿ ಜೋಡಿಯಾಗಿ ಮಕ್ಕಳು ಉರುಳಿದ್ದೇ ಉರುಳಿದ್ದು. ಮನೆಗೆ ಬರುವಾಗ ಜರ್ಸಿ ತುಂಬಾ ಕೆಸರು.

ಆ ಮಕ್ಕಳು ಅದೇ ವಾರಾಂತ್ಯ ಟಿವಿಯಲ್ಲಿ ದೊಡ್ಡವರ ಆಟ ನೋಡುತ್ತಾರೆ. ಕೈ ಕಟ್ಟಿ ಎಸೆದವನಿಗೆ ಎದುರಾಳಿ ಎದ್ದ ಅನ್ನೋ ಕಾರಣಕ್ಕೆ ಏನೂ ಆಗುವುದಿಲ್ಲ. ಕೋಚ್ ಹೇಳಿದ್ದು ಸರಿಯಾ, ಟಿವಿಯಲ್ಲಿ ಕಂಡದ್ದು ಸರಿಯಾ? ಮಗ ಕೇಳಿದರೆ ನಾನೇನು ಹೇಳಲಿ?

ಇನ್ನೊಂದು ವಿಷಯ. ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ 2024ರಲ್ಲಿ ಹೊಸ ಮಾರ್ಗಸೂಚಿ ತಂದ ಮೇಲೆ, ಮಕ್ಕಳ ಮತ್ತು ಸ್ಥಳೀಯ ಕ್ಲಬ್‌ಗಳ ಫೂಟಿಯಲ್ಲಿ ಕನ್ಕಷನ್ ಆದವರು ಕನಿಷ್ಠ 21 ದಿನ ಆಡುವಂತಿಲ್ಲ. ಎಎಫ್‌ಎಲ್ ಆಟಗಾರನಿಗೆ 12 ದಿನ. ದೊಡ್ಡವರ ತಂಡದ ಜೊತೆ ಯಾವಾಗಲೂ ವೈದ್ಯರು ಇರುತ್ತಾರೆ, ಅದಕ್ಕೆ ಈ ವ್ಯತ್ಯಾಸ ಅನ್ನೋ ವಿವರಣೆ ನನಗೂ ಗೊತ್ತು. ಆದರೂ ಈ ಅಂತರವನ್ನು ಇನ್ನೊಮ್ಮೆ ನೋಡಿ ಅಂತ ತಾಯಿಯಾಗಿ ಕೇಳುತ್ತೇನೆ.

2023ರಲ್ಲಿ ಮಾಜಿ ಆಟಗಾರರು ತಲೆಪೆಟ್ಟಿನ ವಿಷಯಕ್ಕೆ ನಿಮ್ಮ ಮೇಲೆ ಕೋರ್ಟಿಗೆ ಹೋಗಿದ್ದಾರೆ. ಶೇನ್ ಟಕ್ ಸಾವಿನ ಬಗ್ಗೆ ವಿಕ್ಟೋರಿಯಾದ ಕೊರೊನರ್ (ಅಸಹಜ ಸಾವುಗಳ ವಿಚಾರಣೆ ಮಾಡುವ ಅಧಿಕಾರಿ) ಅದೇ ವರ್ಷದ ಕೊನೆಗೆ ತರಬೇತಿಯಲ್ಲಿ ಡಿಕ್ಕಿ, ಪೆಟ್ಟುಗಳನ್ನು ಕಡಿಮೆ ಮಾಡುವಂತೆ ಶಿಫಾರಸು ಮಾಡಿದ್ದಾರೆ. ಹಾಗಾಗಿ ನೀವು ಕಟ್ಟುನಿಟ್ಟು ಮಾಡಿದಾಗಲೆಲ್ಲ "ಕೋರ್ಟಿಗೆ ಹೆದರಿ ಮಾಡ್ತಿದ್ದಾರೆ" ಅಂತ ಜನ ಆಡಿಕೊಳ್ಳುತ್ತಾರೆ. ಆ ಮಾತಿಗೆ ಆಸ್ಪದ ಕೊಡಬೇಡಿ. ಹೊಸ ಸೀಸನ್ನಿನ ಮೊದಲ ಪಂದ್ಯಕ್ಕೆ ಮುಂಚೆಯೇ ಹಳೆಯ ಟ್ಯಾಕಲ್‌ಗಳ ವಿಡಿಯೊ ಇಟ್ಟುಕೊಂಡು, ಇದಕ್ಕೆ ಶಿಕ್ಷೆ ಇದೆ, ಇದಕ್ಕೆ ಇಲ್ಲ, ಯಾಕೆ ಅಂದರೆ ಹೀಗೆ ಅಂತ ಎಲ್ಲರಿಗೂ ಕಾಣುವಂತೆ ತೋರಿಸಿ. ಗಾಯ ಆಗದ ಟ್ಯಾಕಲ್‌ಗಳೂ ಅದರಲ್ಲಿ ಇರಲಿ. ಪ್ರತಿ ವಾರ ಅಧಿಕಾರಿ ಕೈಬಿಟ್ಟ ಕೇಸುಗಳಿಗೂ ಒಂದೆರಡು ಸಾಲಿನ ಕಾರಣ ಬರೆಯಿರಿ. ಮೂರು ಮೇಜುಗಳೂ ಒಂದೇ ಪ್ರಶ್ನೆ ಕೇಳುವ ಹಾಗೆ ನಿಯಮದ ಮಾತುಗಳನ್ನು ತಿದ್ದಿ. ಒಳ್ಳೆಯ ದಾಖಲೆ ಇದ್ದವರಿಗೆ ರಿಯಾಯಿತಿ ಕೊಡುವುದಿದ್ದರೆ ಬೇರೆ ತಪ್ಪುಗಳಿಗೆ ಕೊಡಿ, ತಲೆಯ ವಿಷಯದಲ್ಲಿ ಬೇಡ.

ಮುಂದಿನ ವಾರ ನಮ್ಮ ಕ್ಲಬ್ಬಿನ ಪೋಷಕರ ಸಭೆ ಇದೆ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ಅಲ್ಲಿ ಓದಿ, ಒಪ್ಪುವವರ ಸಹಿ ಹಾಕಿಸಿ ನಿಮಗೆ ಕಳಿಸುತ್ತೇನೆ. ಸೀಸನ್ ಶುರುವಾಗುವ ಮುಂಚೆ ಉತ್ತರ ಬಂದರೆ ಅದನ್ನು ಕನ್ನಡದಲ್ಲೂ ಎಲ್ಲರಿಗೂ ತಲುಪಿಸುವ ಕೆಲಸ ನನ್ನದು.

ಇತಿ,
ಬುಲ್‌ಡಾಗ್ಸ್ ಅಭಿಮಾನಿ, ಫೂಟಿ ಆಡುವ ಹುಡುಗನ ತಾಯಿ
ಮೆಲ್ಬರ್ನ್